ತಪ್ಪಾಯ್ತು ಅಂದ ವೆಂಕಟಪ್ಪ

ಕಕ್ಕೇರಾದಲ್ಲಿ ಜಗಳ ಹುಟ್ಟುವುದು ಎಷ್ಟು ಸುಲಭವೋ ಮುಗಿಯುವುದೂ ಅಷ್ಟೇ ಸುಲಭ, ಮುಗಿಸುವ ಮನುಷ್ಯ ಸಿಕ್ಕರೆ. ಕಾಲುವೆ ನೀರಿನ ಪಾಳಿ ತಪ್ಪಿ ಒಬ್ಬರ ಹೊಲಕ್ಕೆ ಹೋಗಬೇಕಾದ ನೀರು ಇನ್ನೊಬ್ಬರ ಹೊಲಕ್ಕೆ ನುಗ್ಗಿತು ಅನ್ನಿ. ಎರಡೂ ಮನೆಯ ಹುಡುಗರು ಬಡಿಗೆ ಹಿಡಿಯುತ್ತಾರೆ. ಹೆಂಗಸರು ಅಂಗಳದಲ್ಲಿ ನಿಂತು ಸತ್ತುಹೋದ ಮುತ್ತಜ್ಜಂದಿರನ್ನೂ ಬಿಡದೆ ಜಾಲಾಡುತ್ತಾರೆ. ಆಮೇಲೆ ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಊರ ಹಿರಿಯರು ಸೇರುತ್ತಾರೆ. ಹಾಗೆ ಸೇರಿದವರಿಗೆ ಇಲ್ಲಿ ದೈವ ಅನ್ನುತ್ತಾರೆ. ತಪ್ಪು ಮಾಡಿದ ಮನೆಯ ಹಿರಿಯ ಎದ್ದು ಬಂದು, ಹೆಗಲ ಮೇಲಿನ ಟವೆಲನ್ನು ನೆಲಕ್ಕೆ ಹಾಸಿ, “ದೈವಕ್ಕ ತಪ್ಪಾಯ್ತ್ರಿ” ಎಂದು ಅಡ್ಡ ಬೀಳುತ್ತಾನೆ. ನೀರು ತಿರುಗಿಸಿದವನು ಅವನಲ್ಲ, ಬಹಳ ಸಲ ಆ ಹೊತ್ತಿಗೆ ಅವನು ಊರಲ್ಲೇ ಇರುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಆದರೂ ಬೀಳುವವನು ಅವನೇ. ಬಿದ್ದವನ ರಟ್ಟೆಗೆ ಕೈಹಾಕಿ ಎದುರು ಮನೆಯ ಹಿರಿಯ ಎಬ್ಬಿಸಬೇಕು. ಎಬ್ಬಿಸುತ್ತ, “ಏಳ್ರಿ, ನಮ್ದೂ ತಪ್ಪದ” ಅನ್ನಬೇಕು. ಅನ್ನದಿದ್ದರೆ ದೈವ ಅನ್ನಿಸುತ್ತದೆ. ಅಲ್ಲಿಗೆ ಸಕ್ಕರೆ ಹಂಚಿ ಚಹಾ ಕುಡಿದು ಎಲ್ಲರೂ ಮನೆಗೆ ಹೋಗುತ್ತಾರೆ. ಮತ್ತೆ ಯಾರೂ ಆ ಮಾತು ತೆಗೆಯುವಂತಿಲ್ಲ.

ವೆಂಕಟಪ್ಪ ಇಂಥ ಬೀಳುವಿಕೆಯಲ್ಲಿ ಊರಿಗೇ ಹೆಸರಾದವನು. ಅವನ ಅಪ್ಪನೂ ಹಾಗೇ ಇದ್ದ. ಪಟ್ಟಣದವರು ಇದನ್ನು ಕೇಳಿ ನಗಬಹುದು, ಮಾಡದ ತಪ್ಪನ್ನು ಒಪ್ಪುವುದು ಯಾವ ದೊಡ್ಡಸ್ತಿಕೆ ಅಂತ. ನಗಲಿ. ಅಣ್ಣತಮ್ಮಂದಿರ ನಡುವಿನ ಒಂದು ಬದುವಿನ ಜಗಳಕ್ಕೆ ಕೋರ್ಟಿನ ಮೆಟ್ಟಿಲು ಸವೆಸಿ ಎರಡು ಮನೆ ಹಾಳಾಗುವುದನ್ನು ನೋಡಿದವರಿಗೆ ಆ ಟವೆಲಿನ ಬೆಲೆ ಗೊತ್ತು. ತಲೆ ಬಾಗಿಸಲು ತಲೆ ಇರಬೇಕು, ಅದರಲ್ಲಿ ನೆರೆಗೂದಲು ಇರಬೇಕು. ವೆಂಕಟಪ್ಪನಿಗೆ ಎರಡೂ ಇದ್ದವು.

ಅವನು ಊರಲ್ಲೇ ಬಾಳಿದವನಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲೇ ಉತ್ತರಕ್ಕೆ ಹೋಗಿ, ಸೈನ್ಯದ ಸಾಮಾನು ಇಡುವ ಒಂದು ದೊಡ್ಡ ಡಿಪೋದಲ್ಲಿ ಕೆಲಸಕ್ಕೆ ಸೇರಿ, ಸ್ಟೋರ್‌ಕೀಪರ್ ಆಗಿ ನಿವೃತ್ತಿಯಾದವನು. ಬಂದೂಕು ಹಿಡಿದವನಲ್ಲ. ಬಂದೂಕು ಹಿಡಿದವರಿಗೆ ಬೇಕಾದ ಬೂಟು, ಕಂಬಳಿ, ಡೇರೆ, ಹಗ್ಗಗಳನ್ನು ಒಳಗೆ ತೆಗೆದುಕೊಂಡು ಹೊರಗೆ ಕಳಿಸಿದವನು. ಹಿಂದಿ ಅವನ ಬಾಯಲ್ಲಿ ನೀರು ಕುಡಿದಷ್ಟು ಸಲೀಸು. ಊರಿಗೆ ಮರಳಿದ ಮೇಲೆ ಹೆಂಡತಿ ಅಯ್ಯಮ್ಮನ ಜೊತೆ ಎರಡು ಎಕರೆ ಮಾಡಿಕೊಂಡು, ಸಂಜೆ ಕಟ್ಟೆಯ ಮೇಲೆ ಕೂತು, ಕರೆದಲ್ಲಿ ಹೋಗಿ ಬಿದ್ದು ಎದ್ದು ಸುಖವಾಗಿಯೇ ಇದ್ದ.

ಒಂದು ದಿನ ಹೊಲದಿಂದ ಬರುವಷ್ಟರಲ್ಲಿ ಮನೆಯ ಮುಂದೆ ಹಸಿರು ಜೀಪು ನಿಂತಿತ್ತು. ಓಣಿಯ ಮಕ್ಕಳೆಲ್ಲ ಅದರ ಸುತ್ತ. ಒಳಗೆ ಕುರ್ಚಿಯ ಮೇಲೆ ಒಬ್ಬ ಕರ್ನಲ್ ಸಾಹೇಬರು ಕೂತಿದ್ದರು. ನಡುವಯಸ್ಸಿನ, ಮೃದು ಮಾತಿನ ಮನುಷ್ಯ. ಇಷ್ಟು ವರ್ಷದ ನೌಕರಿಯಲ್ಲೂ ಕರ್ನಲ್ ಒಬ್ಬರು ವೆಂಕಟಪ್ಪನಿಗಾಗಿ ಕಾದು ಕೂತದ್ದಿರಲಿಲ್ಲ. ಅಯ್ಯಮ್ಮ ಚುರುಮುರಿ ಸೂಸಲಾ ಮಾಡಿ, ಪಕ್ಕದ ಅಂಗಡಿಯಿಂದ ಮಿರ್ಚಿ ಭಜಿ ತರಿಸಿ ಇಟ್ಟಿದ್ದಳು. ಸಾಹೇಬರು ಒಂದು ಭಜಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ವಿಷಯಕ್ಕೆ ಬಂದರು.

ವಿಷಯ ಬುಖಾರಿಯದು. ಹಿಮ ಬೀಳುವ ಗುಡ್ಡಗಳಲ್ಲಿ ಡೇರೆ ಬೆಚ್ಚಗಿಡಲು ಉರಿಸುವ ಸೀಮೆಎಣ್ಣೆ ಒಲೆಗೆ ಸೈನ್ಯದವರು ಬುಖಾರಿ ಅನ್ನುತ್ತಾರೆ. ಅದರ ಹೊಗೆ ಒಂದು ಕೊಳವೆಯಿಂದ ಡೇರೆಯ ಹೊರಗೆ ಹೋಗಬೇಕು. ವೆಂಕಟಪ್ಪನ ನೌಕರಿಯ ಕೊನೆಯ ವರ್ಷ ಅವನ ಡಿಪೋದಿಂದ ಹೋದ ಬುಖಾರಿಗಳಲ್ಲಿ ಒಂದರ ಕೊಳವೆ ಕಾದು, ಬೆಸುಗೆ ಬಿಟ್ಟು, ಹೊಗೆಯೆಲ್ಲ ಡೇರೆಯೊಳಗೇ ತುಂಬಿಕೊಂಡಿತು. ಒಳಗೆ ಮಲಗಿದ್ದ ಮೂವರು ಹುಡುಗರು ಏಳಲಿಲ್ಲ. ಆ ಸುದ್ದಿ ಬಂದಾಗ ವೆಂಕಟಪ್ಪ ಡಿಪೋದ ಗೋದಾಮಿನ ಹಿಂದೆ ಹೋಗಿ ಅತ್ತಿದ್ದ. ಆಮೇಲೆ ನಿವೃತ್ತಿಯಾಗಿ ಊರಿಗೆ ಬಂದಿದ್ದ. ಅದರ ಮುಂದಿನ ಕತೆ ಅವನಿಗೆ ಗೊತ್ತಿರಲಿಲ್ಲ.

ಮುಂದಿನ ಕತೆ ಇದು. ಸೈನ್ಯಕ್ಕೆ ಕೊಂಡ ಸಾಮಾನನ್ನು ಸೈನ್ಯದ ಇಲಾಖೆಯೇ ನೋಡಿ ಚೆನ್ನಾಗಿದೆ ಅಂದರೆ ಸಾಲದು, ಹೊರಗಿನಿಂದ ಲೆಕ್ಕಪರಿಶೋಧಕರು ಬಂದು ನೋಡುತ್ತಾರೆ. ಅವರು ನೋಡಿದಾಗ ಕಂಡದ್ದೇನೆಂದರೆ, ಈ ಬುಖಾರಿಗಳ ಮಾದರಿ ಮೊದಲ ಪರೀಕ್ಷೆಯಲ್ಲೇ ಬಿದ್ದುಹೋಗಿತ್ತು, ಆದರೂ ಯಾರೋ ಮೇಲಿನವರು ಪರವಾಗಿಲ್ಲ ಎಂದು ಕೊಂಡಿದ್ದರು. ಪರಿಶೋಧಕರು ಬರೆದ ವರದಿ ಸಂಸತ್ತಿಗೆ ಹೋಯಿತು. ಅಲ್ಲಿ ಎಲ್ಲ ಪಕ್ಷದ ಸದಸ್ಯರು ಕೂಡುವ ಒಂದು ಸಮಿತಿ ಇರುತ್ತದೆ. ಆ ಸಮಿತಿ ಇಲಾಖೆಯವರನ್ನು ಎದುರಿಗೆ ಕರೆದು ಕೇಳಿತು: ಇದಕ್ಕೆ ಹೊಣೆ ಯಾರು?

ಪ್ರಶ್ನೆ ಚಿಕ್ಕದು. ಆದರೆ ದಿಲ್ಲಿಯಲ್ಲಿ ಹುಟ್ಟಿದ ಇಂಥ ಪ್ರಶ್ನೆಗಳಿಗೆ ಒಂದು ಗುಣವಿದೆ, ಅವು ಮೇಲಕ್ಕೆ ಹತ್ತುವುದಿಲ್ಲ. ದೊಡ್ಡ ಮೇಜಿನಿಂದ ಸಣ್ಣ ಮೇಜಿಗೆ, ಅಲ್ಲಿಂದ ಇನ್ನೂ ಸಣ್ಣ ಮೇಜಿಗೆ ಇಳಿಯುತ್ತ ಇಳಿಯುತ್ತ, ಮೇಜೇ ಇಲ್ಲದವನ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತವೆ. ಈ ಸಲ ಆ ಬಾಗಿಲು ಕಕ್ಕೇರಾದಲ್ಲಿತ್ತು.

“ಮೂರು ಮನೆಯವರು ಕೇಳುತ್ತಿದ್ದಾರೆ ವೆಂಕಟಪ್ಪ” ಎಂದರು ಸಾಹೇಬರು ಹಿಂದಿಯಲ್ಲಿ. “ಸಮಿತಿಯವರು ಕೇಳುತ್ತಿದ್ದಾರೆ. ವಿಷಯ ಎಲ್ಲೂ ಮುಗಿಯುತ್ತಿಲ್ಲ. ಯಾರಾದರೂ ಒಬ್ಬರು ಒಂದು ಮಾತು ಹೇಳಬೇಕು.”

ವೆಂಕಟಪ್ಪನಿಗೆ ಈ ಮಾತು ಗುರುತಿನದು. ಕಟ್ಟೆಯ ಮೇಲೆ ನ್ಯಾಯ ಸಿಕ್ಕುಬಿದ್ದಾಗ ಹಿರಿಯರು ಹೀಗೇ ಅನ್ನುತ್ತಾರೆ: ಯಾರಾದರೂ ಒಬ್ಬರು ಬಾಯಿ ಬಿಡ್ರಪ್ಪಾ. ಅವನ ಕಣ್ಣ ಮುಂದೆ ಆ ಮೂವರು ಹುಡುಗರು ಬಂದರು, ಅವರ ತಾಯಂದಿರು ಬಂದರು. ಸೈನ್ಯದಂಥ ಇಷ್ಟು ದೊಡ್ಡ ಮನೆತನಕ್ಕೆ ತಪ್ಪಾಯ್ತು ಅನ್ನುವ ಒಬ್ಬ ಮನುಷ್ಯ ಸಿಗಲಿಲ್ಲವೇ ಎಂದು ಅವನಿಗೆ ಮರುಕವಾಯಿತು. ಎದ್ದು ನಿಂತ. ಟವೆಲು ತೆಗೆದು ಸಾಹೇಬರ ಬೂಟಿನ ಮುಂದೆ ಹಾಸಿದ. “ತಪ್ಪಾಯ್ತು ಸಾಬ್, ನಾವು ನೋಡಿಕೊಳ್ಳಬೇಕಿತ್ತು” ಎಂದು ಅಡ್ಡ ಬಿದ್ದ.

ಸಾಹೇಬರು ಗಾಬರಿಯಾಗಿ ಕಾಲು ಹಿಂದಕ್ಕೆ ಎಳೆದುಕೊಂಡರು. ಎಬ್ಬಿಸಲಿಲ್ಲ. ಪಾಪ, ಆ ಮನುಷ್ಯನಿಗೆ ಏನು ಗೊತ್ತು. ವೆಂಕಟಪ್ಪ ನೆಲದ ಮೇಲೆ ಸ್ವಲ್ಪ ಹೊತ್ತು ಕಾದ, ಆಮೇಲೆ ತಾನೇ ಮಂಡಿಯ ಮೇಲೆ ಕೈಯೂರಿ ಎದ್ದ. ಅಷ್ಟರಲ್ಲಿ ಸಾಹೇಬರು ಬರೆಯತೊಡಗಿದ್ದರು. ಬರೆದು ಓದಿ ಹೇಳಿದರು: ಸ್ಟೋರ್‌ಕೀಪರ್ ತನ್ನ ಲೋಪವನ್ನು ಒಪ್ಪಿಕೊಂಡು ಕ್ಷಮೆ ಕೋರಿದ್ದಾನೆ. ವೆಂಕಟಪ್ಪ ಸಹಿ ಮಾಡಿದ. ಸಾಹೇಬರು ಚಹಾ ಮುಗಿಸಿ, ಅವನ ಕೈ ಕುಲುಕಿ, ಅಯ್ಯಮ್ಮನಿಗೆ ನಮಸ್ಕಾರ ಹೇಳಿ ಜೀಪು ಹತ್ತಿದರು.

ಚಳಿಗಾಲಕ್ಕೆ ಮೊದಲು ಪೇಪರಿನ ಒಳಪುಟದಲ್ಲಿ ಒಂದು ತುಣುಕು ಸುದ್ದಿ ಬಂತು. ಬುಖಾರಿ ದುರಂತದಲ್ಲಿ ನಿವೃತ್ತ ಸ್ಟೋರ್‌ಕೀಪರ್ ತಪ್ಪೊಪ್ಪಿಕೊಂಡಿದ್ದಾನೆಂದೂ ಪ್ರಕರಣ ಮುಗಿದಿದೆಯೆಂದೂ ಇಲಾಖೆ ಸಂಸತ್ತಿನ ಸಮಿತಿಗೆ ಉತ್ತರ ಕೊಟ್ಟಿತ್ತು. ಹೆಸರಿರಲಿಲ್ಲ. ಆದರೆ ಜೀಪು ಬಂದದ್ದನ್ನು ನೋಡಿದ ಊರಿಗೆ ಹೆಸರು ಯಾಕೆ ಬೇಕು? ಬೇರೆ ಕಡೆಯಾಗಿದ್ದರೆ ಜನ ಮುಖ ತಿರುಗಿಸುತ್ತಿದ್ದರು. ಕಕ್ಕೇರಾದಲ್ಲಿ ಹಾಗಾಗಲಿಲ್ಲ. ದಿಲ್ಲಿಯ ದೈವಕ್ಕೂ ನಮ್ಮ ವೆಂಕಟಪ್ಪನೇ ಬೀಳಬೇಕಾಯಿತು ನೋಡಿರಿ ಎಂದು ಕಟ್ಟೆಯ ಮೇಲೆ ಎದೆಯುಬ್ಬಿಸಿದರು. ಬಟ್ಟೆ ಅಂಗಡಿಯ ಶಾಂತಪ್ಪ, ಕಟ್ಟೆಯ ಹಿರಿಯರಲ್ಲಿ ಮೊದಲಿನವನು, ಎಲ್ಲರೆದುರು, “ಭಾಳ ದೊಡ್ಡ ಕೆಲಸ ಮಾಡೀದಿ ವೆಂಕಟಪ್ಪ” ಎಂದ. ವೆಂಕಟಪ್ಪನಿಗೂ ಒಳಗೊಳಗೆ ಹಿಗ್ಗಾಗಿತ್ತು, ಅದನ್ನು ಮುಚ್ಚಿಡುವುದು ಬೇಡ.

ಹಿಗ್ಗಾಗದಿದ್ದವಳು ಅಯ್ಯಮ್ಮ ಒಬ್ಬಳೇ. “ಕೋತಿ ಮೊಸರ ತಿಂದು ಮ್ಯಾಕಿ ಬಾಯಿಗೆ ಒರಸಿದಂಗಾತು” ಎಂದಳು ರೊಟ್ಟಿ ಬಡಿಯುತ್ತ. “ಮ್ಯಾಕಿ ಮತ್ತ ಕುಣ್ಯಾಕತ್ತದ.”

ಪಕ್ಕದ ಮನೆಯ ಅಂಬವ್ವನ ಮಗ ಬಾಲರಾಜ ಸೈನ್ಯದಲ್ಲಿದ್ದ. ವೆಂಕಟಪ್ಪನೇ ಅವನನ್ನು ಭರ್ತಿಯ ಓಟಕ್ಕೆ ಬೆಳಿಗ್ಗೆ ಎಬ್ಬಿಸಿ, ಕಾಲುವೆಯ ದಂಡೆಯ ಮೇಲೆ ಓಡಿಸಿ, ಬೈದು, ತಯಾರು ಮಾಡಿದ್ದ. ಆ ಸಂಕ್ರಾಂತಿಗೆ ಹುಡುಗ ರಜೆಯ ಮೇಲೆ ಬಂದ. ಕೆನ್ನೆಗಳು ಹಿಮಕ್ಕೆ ಸುಟ್ಟು ಕಪ್ಪಾಗಿದ್ದವು. ಅಂಬವ್ವ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಮಾಡಿ ವೆಂಕಟಪ್ಪ ಅಯ್ಯಮ್ಮರನ್ನು ಊಟಕ್ಕೆ ಕರೆದಿದ್ದಳು. ಉಣ್ಣುತ್ತ ಅವರಿವರ ಮಾತಾಡುತ್ತ ವೆಂಕಟಪ್ಪ ಸುಮ್ಮನೆ ಕೇಳಿದ:

“ಮ್ಯಾಲ ಥಂಡಿ ಹ್ಯಾಂಗದಪಾ? ಬುಖಾರಿ ಹೊಸಾವು ಕೊಟ್ಟಾರಿಲ್ಲೋ?”

“ಎಲ್ಲಿ ಹೊಸಾವು ಕಾಕಾ? ಅವಾ ಅದಾವ.”

ವೆಂಕಟಪ್ಪನ ಕೈಯ ತುತ್ತು ನಿಂತಿತು. “ಯಾವು? ಆ ಮೂರು ಹುಡುಗ್ರು ಹೋದ್ರಲ್ಲ, ಆ ಬುಖಾರಿ?”

“ಹೂಂ. ಮೊದಲ ಎಲ್ಲಾ ವಾಪಸ್ ತರಸ್ತೀವಿ ಅಂದಿದ್ರಂತ. ಆಮ್ಯಾಲ ಯಾವನೋ ಮುದುಕ ಸ್ಟೋರ್‌ಕೀಪರ್ ತಪ್ಪು ನಂದಾ ಅಂತ ಒಪ್ಪಿಕೊಂಡಾನಂತ. ತಪ್ಪು ಅವಂದು ಅಂದಮ್ಯಾಲ ಬುಖಾರಿದು ತಪ್ಪಿಲ್ಲಲ್ಲ? ಚಲೋ ಅದಾವ, ಉರಸ್ರಿ ಅಂತ ಆರ್ಡರ್ ಬಂತು. ನಾವು ಪಾಳಿ ಹಚ್ಚೀವಿ ಕಾಕಾ. ಎಲ್ಲಾರೂ ಮಲಗಿದಾಗ ಒಬ್ಬಾಂವ ಎಚ್ಚರಿದ್ದು ಉಳಿದವರ ಉಸರ ನೋಡಕೋತ ಕೂಡತಾನ.”

ಅಂಬವ್ವ ಮಗನಿಗೆ ಕಣ್ಣು ಬಿಟ್ಟಳು. ಹುಡುಗನಿಗೆ ಅರ್ಥವಾಗಲಿಲ್ಲ. ಅಯ್ಯಮ್ಮ ತಲೆ ತಗ್ಗಿಸಿದಳು. ಆಗ ಹುಡುಗನಿಗೆ ಅರ್ಥವಾಯಿತು. ಅವನು ಕಾಕಾನ ಮುಖ ನೋಡಲಾರದೆ ಎದ್ದು ಕೈ ತೊಳೆಯಲು ಹೋದ. ವೆಂಕಟಪ್ಪ ತಟ್ಟೆಯಲ್ಲಿದ್ದದ್ದನ್ನು ಬಿಡಲಿಲ್ಲ, ಬಿಟ್ಟರೆ ಅಂಬವ್ವನಿಗೆ ನೋವಾಗುತ್ತದೆಂದು ಒಂದೊಂದೇ ತುತ್ತು ನುಂಗಿದ. ಹೋಳಿಗೆ ಮಣ್ಣಿನ ಹಾಗಿತ್ತು.

ಮನೆಗೆ ಬಂದವನು ಹೊರಸಿನ ಮೇಲೆ ಕೂತ. ಅವನಿಗೆ ಆಗ ಆದ ಸಂಕಟವನ್ನು ಹೇಗೆ ಹೇಳಲಿ? ಒಳ್ಳೆಯದೆಂದು ತಿಳಿದು ಮಾಡಿದ್ದು ಕೆಟ್ಟದ್ದಾದರೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಸತ್ತವರಿಗಾಗಿ ತಲೆ ಬಾಗಿಸಿದೆನೆಂದು ಅವನು ತಿಳಿದಿದ್ದ. ಬಾಗಿಸಿದ ತಲೆಯನ್ನೇ ಮೆಟ್ಟಿಲು ಮಾಡಿಕೊಂಡು ದೊಡ್ಡವರೆಲ್ಲ ದಾಟಿಹೋಗಿದ್ದರು, ಮತ್ತು ಬದುಕಿದವರ ಡೇರೆಯಲ್ಲಿ ಅದೇ ಒಲೆ ಉರಿಯುತ್ತಿತ್ತು. ಅಂಬವ್ವನ ಮಗ ರಜೆ ಮುಗಿಸಿ ಅಲ್ಲಿಗೇ ಹೋಗುವವನು.

ಆ ತಿಂಗಳ ಕೊನೆಗೆ ಅಂಚೆಯಲ್ಲಿ ಕರೆ ಬಂತು. ಸಂಸತ್ತಿನ ಸಮಿತಿಗೆ ಇಲಾಖೆಯ ಉತ್ತರ ಒಪ್ಪಿಗೆಯಾಗಿರಲಿಲ್ಲ. ಪರೀಕ್ಷೆಯಲ್ಲಿ ಬಿದ್ದ ಮಾಲನ್ನು ಕೊಂಡದ್ದಕ್ಕೆ ಗೋದಾಮಿನ ನೌಕರ ಹೇಗೆ ಹೊಣೆಯಾಗುತ್ತಾನೆ, ಮತ್ತೆ ವಿಚಾರಿಸಿರಿ, ವಿಚಾರಿಸುವಾಗ ಲೆಕ್ಕಪರಿಶೋಧನೆಯವರನ್ನೂ ಕೂರಿಸಿಕೊಳ್ಳಿರಿ ಎಂದು ಸಮಿತಿ ಬರೆದಿತ್ತು. ದೊಡ್ಡ ಸಭೆಗಳ ಬಗ್ಗೆ ನಾವು ದಿನಾ ಬೈದಾಡುತ್ತೇವೆ, ಆದರೆ ಅಲ್ಲಿಯೂ ಒಬ್ಬಿಬ್ಬರು ಓದಿ ನೋಡುವವರು ಇರುತ್ತಾರೆ. ವೆಂಕಟಪ್ಪ ಯಾದಗಿರಿಯ ಪ್ರವಾಸಿ ಮಂದಿರಕ್ಕೆ ಬಂದು ಹೇಳಿಕೆ ಕೊಡಬೇಕಿತ್ತು.

ಹಿಂದೆಯೇ ಕರ್ನಲ್ ಸಾಹೇಬರ ಫೋನು. ದನಿ ಮೊದಲಿನಷ್ಟೇ ಮೃದು. “ಹೆದರಬೇಡಿ ವೆಂಕಟಪ್ಪ. ಅಂದು ಹೇಳಿದ್ದನ್ನೇ ಹೇಳಿ. ನೀವು ಮಾತಿಗೆ ತಪ್ಪುವ ಮನುಷ್ಯರಲ್ಲ ಎಂದು ನಿಮ್ಮ ಊರವರೇ ನನಗೆ ಹೇಳಿದ್ದಾರೆ.”

ಆ ಒಂದು ಮಾತು ಅವನನ್ನು ಕಟ್ಟಿಹಾಕಿತು. ಬೇರೇನಾದರೂ ಹೇಳಿ ಹೆದರಿಸಿದ್ದರೆ ಅವನು ಹೆದರುತ್ತಿರಲಿಲ್ಲ. ಆದರೆ ಮಾತು! ಮಾತಾಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಮ್ಮೆ ದೈವಕ್ಕೆ ಬಿದ್ದವನು ಆಮೇಲೆ ಬಂದು, ಅದು ನನ್ನ ತಪ್ಪಲ್ಲ ಅಂದರೆ ಅವನ ಮನೆಯ ಮಾತನ್ನು ಮುಂದೆ ಯಾರು ನಂಬುತ್ತಾರೆ? ಅವನ ಅಪ್ಪ ಬಿದ್ದು ಮುಗಿಸಿದ ಜಗಳಗಳೂ, ಅವನೇ ಬಿದ್ದು ಮುಗಿಸಿದ ಜಗಳಗಳೂ ಒಂದೊಂದಾಗಿ ಎದ್ದು ಕೂರುವುದಿಲ್ಲವೇ?

ಅವನು ಶಾಂತಪ್ಪನ ಅಂಗಡಿಗೆ ಹೋಗಿ ಎಲ್ಲ ಹೇಳಿದ. ಶಾಂತಪ್ಪ ಕೆಟ್ಟವನಲ್ಲ. ಗಜಕಡ್ಡಿ ಬದಿಗಿಟ್ಟು, ಅವನನ್ನು ಗಾದಿಯ ಮೇಲೆ ಕೂರಿಸಿಕೊಂಡು, ಪೂರ್ತಿ ಕೇಳಿದ. ಆಮೇಲೆ ಅಂದ:

“ನಿನ್ನ ಸಂಕಟ ನನಗ ತಿಳೀತದ. ಆದ್ರ ಕಟ್ಟಿ ಮ್ಯಾಲಿನ ಹಿರೇತನ ನಿಂತದ್ದಾ ಒಂದ ಮಾತಿನ ಮ್ಯಾಲ. ಬಿದ್ದು ಎದ್ದಮ್ಯಾಲ ತಿರುಗಿ ಮಾತಾಡಬಾರದು. ನೀ ತಿರುಗಿದಿ ಅಂದ್ರ ನಾಳಿ ಕಾಲಿವಿ ಜಗಳದವರೂ ತಿರುಗತಾರ. ನಾ ನಿನಗ ಬ್ಯಾಡ ಅನ್ನಂಗಿಲ್ಲ. ಆದ್ರ ಮುಂದ ಕಟ್ಟಿಗೆ ನಿನ್ನ ಕರ್ಯಾಕ ಆಗಂಗಿಲ್ಲ ವೆಂಕಟಪ್ಪ. ಖರೇ ಹೇಳತೀನಿ.”

ಇದನ್ನು ದುಷ್ಟತನದಿಂದ ಹೇಳಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ವೆಂಕಟಪ್ಪ ಎದ್ದು ಬಂದ. ಒಂದು ಕಡೆ ಹುಟ್ಟಿದಂದಿನಿಂದ ಗಳಿಸಿದ ಮಾನ. ಇನ್ನೊಂದು ಕಡೆ ಗುಡ್ಡದ ಮೇಲಿನ ಡೇರೆಗಳು. ತೂಗಿ ನೋಡಿದರೆ ಯಾವುದು ಭಾರ ಎಂದು ನಮಗೆ ನಿಮಗೆ ಸುಲಭವಾಗಿ ಕಾಣುತ್ತದೆ. ತೂಗುವ ಕೈ ನಮ್ಮದಲ್ಲ, ಅದಕ್ಕೇ.

ಹೋಗುವ ದಿನ ಬೆಳಿಗ್ಗೆ ಅಯ್ಯಮ್ಮ ಒಗೆದ ಧೋತರ, ಇಸ್ತ್ರಿಯ ಅಂಗಿ ತೆಗೆದಿಟ್ಟಳು. ಟವೆಲು ಕೊಡುವಾಗ ಕೈಯಲ್ಲೇ ಹಿಡಿದು ನಿಂತಳು.

“ಏನ ಹೇಳಬೇಕಂತ ಮಾಡೀರಿ?”

“ಏನ ಹೇಳ್ಲಿ? ಬಿದ್ದು ಎದ್ದೀನಿ. ಎದ್ದಮ್ಯಾಲ—”

“ಎಲ್ಲಿ ಎದ್ದೀರಿ?” ಎಂದಳು ಅಯ್ಯಮ್ಮ. “ಆವತ್ತು ನಾ ಇಲ್ಲೇ ಒಲಿ ಮುಂದ ಕುಂತು ನೋಡಾಕತ್ತಿದ್ದೆ. ಸಾಹೇಬ ನಿಮ್ಮ ರಟ್ಟಿ ಹಿಡದು ಎಬ್ಬಿಸಲಿಲ್ಲ. ನಮ್ದೂ ತಪ್ಪದ ಅಂತ ಯಾರೂ ಅನ್ಲಿಲ್ಲ. ಎಬ್ಬಿಸೋರಿಲ್ದ ಬಿದ್ದದ್ದು ದೈವಕ್ಕ ಬಿದ್ದಂಗ ಹ್ಯಾಂಗ ಆಕ್ಕದ? ನೀವು ಇನ್ನೂ ಬಿದ್ದ ಅದೀರಿ.”

ವೆಂಕಟಪ್ಪ ಹೆಂಡತಿಯ ಮುಖವನ್ನೇ ನೋಡಿದ. ಇಷ್ಟು ವರ್ಷ ಕಟ್ಟೆಯ ಮೇಲೆ ಹೆಂಗಸರಿಗೆ ಜಾಗವಿಲ್ಲ ಎಂದು ದೂರ ಕೂರಿಸಿದ್ದರಲ್ಲ, ಕಟ್ಟೆಯ ಧರ್ಮ ಅವಳಿಗೇ ಹೆಚ್ಚು ತಿಳಿದಿತ್ತು. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಹೊರಟ.

ಸುರಪುರಕ್ಕೆ ಒಂದು ಬಸ್ಸು, ಅಲ್ಲಿಂದ ಯಾದಗಿರಿಗೆ ಇನ್ನೊಂದು. ಶಹಾಪುರದಲ್ಲಿ ಬಸ್ಸು ನಿಂತಾಗ ಕಾಲೇಜಿನ ಹುಡುಗರು ಗದ್ದಲ ಮಾಡುತ್ತ ಹತ್ತಿದರು. ಅವನ ಪಕ್ಕ ಕೂತವನು ಕಡೇಚೂರಿನ ಕಾರ್ಖಾನೆಗೆ ಹೋಗುವವನು, ನಿದ್ದೆಗೆಟ್ಟು ಅವನ ಹೆಗಲ ಮೇಲೇ ತಲೆ ಹಾಕಿ ಮಲಗಿಬಿಟ್ಟ. ವೆಂಕಟಪ್ಪ ಅಲುಗಾಡದೆ ಕೂತು, ಆ ಹುಡುಗನ ಉಸಿರು ತನ್ನ ಅಂಗಿಗೆ ತಾಗುವುದನ್ನು ಭೀಮೆಯ ಸೇತುವೆ ದಾಟುವ ತನಕ ಗಮನಿಸುತ್ತಲೇ ಬಂದ.

ಪ್ರವಾಸಿ ಮಂದಿರದ ದೊಡ್ಡ ಕೋಣೆಯಲ್ಲಿ ಉದ್ದ ಮೇಜು. ಒಂದು ತುದಿಗೆ ದಿಲ್ಲಿಯ ಇಲಾಖೆಯಿಂದ ಬಂದ ಅಧಿಕಾರಿ, ಅವರ ಪಕ್ಕಕ್ಕೆ ಕರ್ನಲ್ ಸಾಹೇಬರು. ಇನ್ನೊಂದು ತುದಿಗೆ ಲೆಕ್ಕಪರಿಶೋಧನೆಯ ಕಡೆಯಿಂದ ಬಂದ ಒಬ್ಬ ಹೆಣ್ಣುಮಗಳು, ಮೈಸೂರು ಕಡೆಯ ಮಾತು. ದಿಲ್ಲಿಯವರು ಹಳೆಯ ಹೇಳಿಕೆಯನ್ನು ಓದಿ, ಇದು ನಿಮ್ಮದೇ ಸಹಿಯೇ ಎಂದು ಕೇಳಿದರು. ಹೌದು ಎಂದ. ಹೇಳಿಕೆಗೆ ಬದ್ಧರಾಗಿದ್ದೀರಾ ಎಂದು ಕೇಳಿದರು. ವೆಂಕಟಪ್ಪ ಆ ಕಾಗದದ ಮೇಲಿನ ತನ್ನ ಸಹಿಯನ್ನೇ ನೋಡಿದ.

ಆಗ ಆ ಹೆಣ್ಣುಮಗಳು, “ಒಂದು ನಿಮಿಷ” ಎಂದು ತಡೆದು, ಕನ್ನಡದಲ್ಲಿ ಕೇಳಿದಳು: “ನೀವು ತಪ್ಪಾಯ್ತು ಅಂದಿದ್ದೀರಿ. ಯಾವ ತಪ್ಪು ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ. ಏನು ತಪ್ಪು ಮಾಡಿದಿರಿ, ಯಜಮಾನರೇ?”

ನೋಡಿ, ಇಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಕಟ್ಟೆಯ ಮೇಲೆ ಇದನ್ನು ಕೇಳುವ ಪದ್ಧತಿಯೇ ಇಲ್ಲ, ಅಲ್ಲಿ ಯಾರು ಏನು ಮಾಡಿದರೆಂದು ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಗೊತ್ತಿದ್ದವರು ಬಾಯಿ ಬಿಟ್ಟಿರಲಿಲ್ಲ. ವೆಂಕಟಪ್ಪ ಕುರ್ಚಿಯಿಂದ ಎದ್ದು ನಿಂತೇ ಉತ್ತರ ಕೊಟ್ಟ.

“ಅವ್ವಾ, ಬುಖಾರಿ ಬಂದಾಗ ಹೊರಗ ಕಳಸೂಕಿಂತ ಮೊದಲ ಒಂದೆರಡು ಹಚ್ಚಿ ನೋಡಬೇಕು, ಅದು ನಮ್ಮ ರಿವಾಜು. ಆವತ್ತ ಲಾರಿ ನಿಂತಿದ್ದವು. ಘಾಟಿನಾಗ ಹಿಮ ಬಿದ್ರ ರಸ್ತಾ ಬಂದ್ ಆಗ್ತದ ಅಂತ ಮ್ಯಾಲಿನವರು ಅವಸರ ಮಾಡಿದ್ರು. ಹಚ್ಚಿ ನೋಡೋದ ಬ್ಯಾಡೇನ್ರಿ ಅಂತ ನಾ ಕೇಳಿದೆ. ಬ್ಯಾಡ, ಹೇರು ಅಂದ್ರು. ಹೇರಿದೆ. ಒಂದ ಸಲ ಕೇಳಿದೆ, ಎರಡನೇ ಸಲ ಕೇಳಲಿಲ್ಲ. ಅದು ನನ್ನ ತಪ್ಪು. ಅದನ್ನ ಬರಕೊಳ್ರಿ, ಅದನ್ನ ನಾ ಸಾಯೋತನಕಾ ಇಲ್ಲ ಅನ್ನಂಗಿಲ್ಲ.”

ಅವಳು ಬರೆದುಕೊಂಡಳು. ಅವನು ಉಸಿರೆಳೆದುಕೊಂಡ.

“ಪರೀಕ್ಷಾದಾಗ ಬಿದ್ದದ್ದನ್ನ ಕೊಂಡದ್ದು ನಾ ಅಲ್ಲ. ಬಿದ್ದದ್ದು ನನಗ ಗೊತ್ತೂ ಇರಲಿಲ್ಲ. ಯಾರು ಕೊಂಡ್ರು ಅಂತ ನನ್ನ ಕೇಳಿದ್ರ ನಾ ಹೇಳಲಾರೆ, ನಾ ನೋಡಿಲ್ಲ.”

“ಅಂದರೆ ನೀವು ಮೊದಲ ಹೇಳಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೀರಿ” ಎಂದರು ದಿಲ್ಲಿಯ ಅಧಿಕಾರಿ, ಅವಳು ಹಿಂದಿಯಲ್ಲಿ ತಿಳಿಸಿದ್ದನ್ನು ಕೇಳಿ, ತಾವೂ ಹಿಂದಿಯಲ್ಲೇ ತುಸು ಬಿರುಸಾಗಿ. “ಆಗ ಸುಳ್ಳು ಹೇಳಿದಿರಾ?”

ವೆಂಕಟಪ್ಪನ ಕೈ ತಾನಾಗಿ ಟವೆಲಿಗೆ ಹೋಯಿತು. ಹಾಸಲಿಲ್ಲ. ಅದನ್ನು ಹಿಡಿದುಕೊಂಡೇ ಅವನೂ ಹಿಂದಿಯಲ್ಲೇ ಹೇಳಿದ. “ಸುಳ್ಳಲ್ಲ ಸಾಬ್. ನಮ್ಮ ಊರಲ್ಲಿ ಮನೆಯವರೆಲ್ಲರ ಪರವಾಗಿ ತಪ್ಪಾಯ್ತು ಅನ್ನುವವನು ಮನೆಯ ಹಿರಿಯ. ನಾನು ಹಾಗೆ ತಿಳಿದು ಬಿದ್ದೆ. ಆ ಮನೆಗೆ ನಾನು ಹಿರಿಯ ಅಲ್ಲ ಸಾಬ್, ಬಾಗಿಲು ಕಾಯುವವನು. ಹಿರಿಯರು ಯಾರಿದ್ದಾರೋ ಅವರು ಬರಲಿ. ನಾನು ಹಿರಿಯನ ಜಾಗದಲ್ಲಿ ಬಿದ್ದದ್ದರಿಂದ ಇವತ್ತಿಗೂ ಅದೇ ಒಲೆ ಹುಡುಗರ ಡೇರೆಯಲ್ಲಿ ಉರಿಯುತ್ತಿದೆ. ಅದನ್ನು ಇಳಿಸಿರಿ. ಮೊದಲು ಅದನ್ನು ಇಳಿಸಿರಿ.”

ಒಲೆಗಳು ಇನ್ನೂ ಉರಿಯುತ್ತಿವೆಯೇ ಎಂದು ಆ ಹೆಣ್ಣುಮಗಳು ತಲೆಯೆತ್ತಿ ದಿಲ್ಲಿಯವರನ್ನು ಕೇಳಿದಳು. ದಿಲ್ಲಿಯವರು ಕರ್ನಲ್ ಕಡೆ ನೋಡಿದರು. ಕರ್ನಲ್ ಮೇಜಿನ ಕಡೆ ನೋಡಿದರು. ಅವಳು ಇಂಗ್ಲಿಷಿನಲ್ಲಿ ಏನೋ ಗಟ್ಟಿಯಾಗಿ ಹೇಳಿ ಮತ್ತೆ ಬರೆಯತೊಡಗಿದಳು. ದಿಲ್ಲಿಯ ಅಧಿಕಾರಿ ವೆಂಕಟಪ್ಪನಿಂದ ಹೊಸ ಹೇಳಿಕೆಗೆ ಸಹಿ ಹಾಕಿಸಿಕೊಂಡು, ನೀವು ಹೋಗಬಹುದು ಎಂದರು.

ಹೊರಗೆ ಪಡಸಾಲೆಯಲ್ಲಿ ಬಿಸಿಲು ಬಿದ್ದಿತ್ತು. ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಹಿಂದಿನಿಂದ ಕರ್ನಲ್ ಸಾಹೇಬರು ಬಂದರು. ಒಳಗೆ ನೀರು ಕುಡಿದು ಬರುತ್ತೇನೆಂದು ಹೇಳಿ ಬಂದಂತಿತ್ತು. ಕಂಬದ ಮರೆಗೆ ನಿಂತು, ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ ಅಂದರು:

“ವೆಂಕಟಪ್ಪ, ಅವತ್ತು ನನ್ನನ್ನು ಕಳಿಸಿದವರು ವಿಚಾರಿಸಿ ಬಾ ಅನ್ನಲಿಲ್ಲ. ಒಂದು ಹೆಸರು ತೆಗೆದುಕೊಂಡು ಬಾ ಅಂದಿದ್ದರು. ನೀವು ನೆಲಕ್ಕೆ ಬಿದ್ದಾಗಲೇ ನನಗೆ ಗೊತ್ತಿತ್ತು, ಇದು ತಪ್ಪೊಪ್ಪಿಗೆ ಅಲ್ಲ ಅಂತ. ಗೊತ್ತಿದ್ದೂ ಬರೆದುಕೊಂಡೆ. ನಮ್ಮದೂ ತಪ್ಪಿದೆ.” ಅವರು ಕೈ ಮುಂದೆ ಮಾಡಿ ವೆಂಕಟಪ್ಪನ ರಟ್ಟೆಯನ್ನು ಮುಟ್ಟಿದರು. ಕಣ್ಣು ಒದ್ದೆಯಾಗಿತ್ತು, ಅದರಲ್ಲಿ ನಾಟಕವಿರಲಿಲ್ಲ.

ಈ ಮಾತಿಗಾಗಿ ಅವನು ಎಷ್ಟು ದಿನ ಹಸಿದಿದ್ದ! ಅದು ಈಗ ಅವನ ಕಿವಿಯ ಹತ್ತಿರವೇ ಬಂದಿತ್ತು. ತಲೆಯಾಡಿಸಿದರೆ ಸಾಕಿತ್ತು, ಇಬ್ಬರ ಎದೆಯೂ ಹಗುರಾಗುತ್ತಿತ್ತು, ಇಬ್ಬರೂ ಒಳ್ಳೆಯವರಾಗಿ ಮನೆಗೆ ಹೋಗಬಹುದಿತ್ತು. ವೆಂಕಟಪ್ಪ ಸಾಹೇಬರ ಕೈಯನ್ನು ಮೆಲ್ಲಗೆ ತನ್ನ ರಟ್ಟೆಯಿಂದ ತೆಗೆದ.

“ನನಗೆ ಹೇಳಬೇಡಿ ಸಾಬ್” ಎಂದ. “ನನಗೆ ಹೇಳಿದರೆ ಇಲ್ಲೇ ಮುಗಿದುಹೋಗುತ್ತದೆ. ಒಳಗೆ ಆ ತಾಯಿ ಬರೆದುಕೊಳ್ಳುತ್ತಿದ್ದಾಳೆ. ಅಲ್ಲಿ ಹೋಗಿ ಹೇಳಿ.”

ಸಾಹೇಬರು ನಿಂತೇ ಇದ್ದರು. ಅಂಗಳದಲ್ಲಿ ಅವರ ಜೀಪಿನ ಡ್ರೈವರ್ ಬಾಗಿಲು ತೆರೆದು ಕಾಯುತ್ತಿದ್ದ. ಅವರು ಜೀಪಿನ ಕಡೆ ನೋಡಿದರು, ಕೋಣೆಯ ಕಡೆ ನೋಡಿದರು. ಅವರಿಗೂ ಹೆಂಡತಿ ಮಕ್ಕಳಿದ್ದಾರು, ಇನ್ನೂ ಏರಬೇಕಾದ ಮೆಟ್ಟಿಲಿದ್ದಾವು. ಅವರ ಸಂಕಟ ವೆಂಕಟಪ್ಪನಿಗೆ ಹೊಸದಲ್ಲ, ಶಾಂತಪ್ಪನ ಅಂಗಡಿಯಿಂದ ಎದ್ದು ಬಂದಾಗ ಅವನಿಗೆ ಆದದ್ದೂ ಅದೇ. ಆದರೂ ಅವನು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಕೊನೆಗೆ ಸಾಹೇಬರು ಟೋಪಿ ತೆಗೆದು ಕಂಕುಳಲ್ಲಿ ಹಿಡಿದು, ತಿರುಗಿ, ಒಳಗೆ ಹೋದರು. ಬಾಗಿಲು ಮುಚ್ಚಿತು.

ವೆಂಕಟಪ್ಪ ಮೆಟ್ಟಿಲಿಳಿಯಲಿಲ್ಲ. ಬಾಗಿಲು ಕಾಣುವ ಹಾಗೆ ಪಡಸಾಲೆಯ ಕಟ್ಟೆಯ ಮೇಲೆ ಕೂತ. ಮಂದಿರದ ಕಾವಲುಗಾರ ನಾಗಣ್ಣ ಬೀಡಿ ಆರಿಸಿ ಹತ್ತಿರ ಬಂದ.

“ನಿಮ್ದು ಮುಗೀತಲ್ಲ ಯಜಮಾನ್ರ, ಇನ್ಯಾಕ ಕುಂತೀರಿ? ಶಹಾಪುರದ ಬಸ್ಸು ಬಿಡೂ ವ್ಯಾಳ್ಯಾ ಆತು.”

“ನಂದು ಮುಗೀತಪಾ” ಎಂದ ವೆಂಕಟಪ್ಪ. “ಅವರದು ಈಗ ಚಾಲೂ ಆಗ್ಯದ. ಅದನ್ನ ನೋಡಕೊಂಡ ಹೋಗ್ತೀನಿ.”